ಶಾಲಾ ರಂಗಕ್ಕೆ ರವೀಂದ್ರನಾಥ ಠಾಕೂರರ ಯಾವ ನಾಟಕ?

ಕುಂಬಳೆಯ ಅಧ್ಯಾಪಕಿ: ನಮ್ಮ ಕನ್ನಡ ಮಾಧ್ಯಮ ಶಾಲೆಯ ವಾರ್ಷಿಕೋತ್ಸವಕ್ಕೆ ಠಾಕೂರರ ನಾಟಕವೊಂದನ್ನು ಆಡಿಸಬೇಕೆಂದಿದ್ದೇವೆ; ಎಂಟನೆಯ ತರಗತಿಯ ಮಕ್ಕಳಿಗೆ ಯಾವುದು ಒಗ್ಗೀತು?

ಮಂಜೇಶ್ವರದ ಓದುಗ: 1912ರ ‘ಡಾಕ್‌ಘರ್’ ಆರಿಸಿಕೊಳ್ಳಿ, ಟೀಚರೇ. ವೈದ್ಯರ ಅಪ್ಪಣೆಯಂತೆ ಮನೆಯೊಳಗೇ ಉಳಿದ ಬಾಲಕ ಅಮಲ್, ಕಿಟಕಿಯ ಬಳಿ ಕುಳಿತು, ಮೊಸರು ಮಾರುವವನನ್ನು ಕರೆದು ಆ ಕೂಗನ್ನು ತನಗೂ ಕಲಿಸಿಕೊಡೆಂದು ಕೇಳುವ ದೃಶ್ಯವನ್ನು ಮಕ್ಕಳು ಕೂಡಲೇ ತಮ್ಮದಾಗಿಸಿಕೊಳ್ಳುತ್ತಾರೆ. ರಂಗಸಜ್ಜಿಕೆಗೂ ಒಂದು ಕಿಟಕಿ ಸಾಕು.

ಬದಿಯಡ್ಕದಿಂದ: ಕರಾವಳಿಯ ನಂಟೇ ಬೇಕೆಂದಾದರೆ 1884ರಲ್ಲಿ ಪ್ರಕಟವಾದ ‘ಪ್ರಕೃತಿರ್ ಪ್ರತಿಶೋಧ್’ ಇದೆ, ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ಅಲ್ಲಿ ತಂಗಿದ್ದ ತರುಣ ಕವಿ ಅದನ್ನು ಬರೆದರು. ಸಂಸಾರ ತೊರೆದ ಸನ್ಯಾಸಿಯನ್ನು ಅನಾಥ ಬಾಲಕಿಯ ಮಮತೆ ಸೋಲಿಸುವ ಆ ಕಥೆ ಎಂಟನೆಯವರಿಗೆ ತುಸು ಭಾರವೇ.

ಕುಂಬಳೆಯ ಅಧ್ಯಾಪಕಿ: ಹಾಗಾದರೆ ‘ಡಾಕ್‌ಘರ್’ ಆಗಲಿ, ಮೊಸರಿನವನ ಪಾತ್ರಕ್ಕೆ ಗಟ್ಟಿ ಗಂಟಲಿನ ಹುಡುಗನೊಬ್ಬ ನಮ್ಮಲ್ಲಿದ್ದಾನೆ.