ಗಜನಿ ಅಂದರೆ ಬರೀ ಉಪ್ಪು ನೆಲವೇ?

ಗೆಳೆಯರೇ, ಒಂದು ಪದ ಎರಡು ತಿಂಗಳಿಂದ ತಲೆ ತಿನ್ನುತ್ತಿದೆ: ಗಜನಿ. ಗೂಗಲ್‌ನಲ್ಲಿ ಹುಡುಕಿದರೆ ಸೋಮನಾಥದ ಮೇಲೆ ದಂಡೆತ್ತಿ ಬಂದ ಮಹಮ್ಮದನೇ ಸಿಗುತ್ತಾನೆ. ನಾನು ಕೇಳುತ್ತಿರುವುದು ಕುಮಟಾ ತಾಲ್ಲೂಕಿನ ಗಜನಿ. ಅಘನಾಶಿನಿ ಹೊಳೆಯ ಹಿನ್ನೀರಿನಲ್ಲಿ ಕಗ್ಗ ಭತ್ತ ಬೆಳೆಯುವ ಗದ್ದೆ.

ಪದ ಗಂಟುಬಿದ್ದದ್ದು ಹೀಗೆ. 2024ರಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಜಾಗ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತಲ್ಲ, ಆ ಬಗ್ಗೆ ಇಂಗ್ಲಿಷಿನಲ್ಲಿದ್ದ ಒಂದು ಟಿಪ್ಪಣಿಯನ್ನು ಕನ್ನಡ ಮಾಡಿಕೊಡಿ ಅಂತ ಪರಿಚಯದವರು ಕೇಳಿದ್ದರು. ಗದ್ದೆಗಳ ವಿಷಯ ಬಂದಲ್ಲೆಲ್ಲ ನಾನು ಹಿಂದೆಮುಂದೆ ನೋಡದೆ 'ಚೌಳು ಭೂಮಿ' ಅಂತ ಬರೆದೆ. ಆಮೇಲೆ ಮಾಣಿಕಟ್ಟಾಕ್ಕೆ ಹೋದಾಗ ಅದನ್ನು ಒಬ್ಬ ಹಿರಿಯ ರೈತರಿಗೆ ಓದಿ ಹೇಳಿದೆ. ಕಟ್ಟೆಯ ಮೇಲೆ ಕೂತು ಬಲೆ ಬಿಡಿಸುತ್ತಿದ್ದವರು ಕೈ ನಿಲ್ಲಿಸಿ ನಕ್ಕರು. "ತಮಾ, ಚೌಳು ಅಂದ್ರೆ ಹಾಳುಬಿದ್ದ ನೆಲ ಅಲ್ವಾ? ಇಲ್ಲಿ ಉಪ್ಪು ಬತ್ತದೆ, ಹೋತದೆ. ಇದು ಗಜನಿ."

ಅವರು ಹೇಳಿದ್ದು ಸರಿ. ಗಂಗಾವತಿ, ಸಿಂಧನೂರು ಕಡೆ ಚೌಳು ಅಂದರೆ ಕಾಲುವೆ ನೀರು ಜಾಸ್ತಿಯಾಗಿ, ಉಪ್ಪು ಮೇಲೆದ್ದು ಕೆಟ್ಟುಹೋದ ಹೊಲ. ಗಜನಿಯಲ್ಲಿ ಉಪ್ಪು ಹಾಗೆ ಮನೆ ಮಾಡಿಕೊಂಡು ಕೂರುವುದಿಲ್ಲ. ಅಘನಾಶಿನಿ ಶಿರಸಿ ಹತ್ತಿರ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಒಂದು ಅಣೆಕಟ್ಟೂ ಇಲ್ಲದೆ ಕೆಳಗಿಳಿದು ಬರುವ ಹೊಳೆ. ತದಡಿ ಹತ್ತಿರ ಸಮುದ್ರ ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುತ್ತದೆ. ಭರತಿಯಲ್ಲಿ ಸಮುದ್ರದ ನೀರು ಅದರೊಳಗೆ ಮೈಲುಗಟ್ಟಲೆ ಏರಿ ಬರುತ್ತದೆ, ಇಳಿತದಲ್ಲಿ ವಾಪಸ್ ಹೋಗುತ್ತದೆ. ಈ ಹೋಗಿಬರುವ ನೀರಿನ ನಡುವೆ ಮಣ್ಣು, ಕಲ್ಲಿನ ಕಟ್ಟೆ ಹಾಕಿ ಹಿಡಿದಿಟ್ಟ ನೆಲವೇ ಗಜನಿ. ಕಟ್ಟೆಯಲ್ಲಿ ಅಲ್ಲಲ್ಲಿ ಹಲಗೆ ಇಳಿಸುವ ಬಾಗಿಲು. ಅದಕ್ಕೆ ಅವರ ಮಾತು ಜಂತ್ರಡಿ.

ಮಳೆ ಹಿಡಿದು ಹಳೇ ಉಪ್ಪು ತೊಳೆದುಹೋದ ಮೇಲೆ ಮೊಳಕೆ ಬರಿಸಿದ ಕಗ್ಗದ ಬೀಜ ಎರಚುತ್ತಾರೆ. ಭರತಿ ಬಂದಾಗ ಹಲಗೆ ಇಳಿದಿರಬೇಕು, ಇಳಿತದಲ್ಲಿ ಎತ್ತಿ ಮಳೆನೀರು ಹೊರಗೆ ಬಿಡಬೇಕು. ಕಗ್ಗ ಎತ್ತರದ ತಳಿ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ, ಸ್ವಲ್ಪ ಉಪ್ಪನ್ನೂ ತಡೆಯುತ್ತದೆ. ಗೊಬ್ಬರ ಹಾಕುವುದಿಲ್ಲ. ಕೊಯ್ಲಿನಲ್ಲಿ ನೀರಿಗೆ ಇಳಿದು ತೆನೆಯನ್ನಷ್ಟೇ ಕೊಯ್ಯುತ್ತಾರೆ, ಹುಲ್ಲು ಅಲ್ಲೇ ಕೊಳೆಯುತ್ತದೆ. ಕೊಯ್ಲು ಮುಗಿದ ಮೇಲೆ ಅದೇ ಜಂತ್ರಡಿ ತೆರೆದು ಉಪ್ಪುನೀರನ್ನು ಒಳಗೆ ಕರೆಯುತ್ತಾರೆ. ಅದರ ಜೊತೆ ಮೀನು, ಶೆಟ್ಲಿ ಬರುತ್ತವೆ. ಶೆಟ್ಲಿ ಅಂದರೆ ಸಿಗಡಿ. ಮಳೆಗಾಲದಲ್ಲಿ ಗದ್ದೆ, ಆಮೇಲೆ ಮೀನಿನ ಕೆರೆ. ಇದನ್ನು ಚೌಳು ಅಂದುಬಿಟ್ಟೆನಲ್ಲ ಅಂತ ನಾಚಿಕೆಯಾಯಿತು.

ಸರಿ, ಪದಕ್ಕೆ ಬರೋಣ. ಗಜನಿಯಲ್ಲಿ 'ಗಜ' ಇದೆ, ಆನೆ ಇಳಿಯುತ್ತಿದ್ದ ನೀರು ಇರಬಹುದು ಅಂತ ಒಬ್ಬರು ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ಗಡಿ ದಾಟಿ ಗೋವೆಗೆ ಹೋದರೆ ಇಂಥದ್ದೇ ಗದ್ದೆಗೆ ಕೊಂಕಣಿಯಲ್ಲಿ ಖಾಜನ್ ಅನ್ನುತ್ತಾರೆ. ಅದೇ ಕಟ್ಟೆ, ಅದೇ ಬಾಗಿಲು, ಭತ್ತವಾದ ಮೇಲೆ ಮೀನು. ಅಲ್ಲಿ ಬಾಗಿಲಿಗೆ ಮಾನಸ್ ಅನ್ನುವ ಹೆಸರು. ಗೋವೆಯ ಬಾಂದೋಡೆಯಲ್ಲಿ ಸಿಕ್ಕ ತಾಮ್ರಪಟದಲ್ಲಿ 'ಖಜ್ಜನ' ಅನ್ನುವ ಪದವಿದೆ. ಅದು ಸಾವಿರದ ಮುನ್ನೂರು ವರ್ಷಕ್ಕೂ ಹಳೆಯದು. ಖಜ್ಜನ, ಖಾಜನ್, ಗಜನಿ. ಸಾಲಾಗಿ ಇಟ್ಟು ಓದಿದರೆ ಒಂದೇ ಮನೆಯ ಮಕ್ಕಳ ಹಾಗೆ ಕೇಳಿಸುತ್ತವೆ.

ನನಗೆ ತೊಡಕಾಗಿರುವುದು ಮೊದಲ ಅಕ್ಷರ. ಮಹಾಪ್ರಾಣ ಬಿದ್ದುಹೋಗುವುದು ನಮ್ಮಲ್ಲಿ ಮಾಮೂಲು, ಹಾಗಾದರೆ 'ಕಜನಿ' ಆಗಬೇಕಿತ್ತು. ಅದು ಗ ಆದದ್ದು ಹೇಗೆ? ತಮಿಳಿನ ಕಿಳಿ, ಕೂಡು ನಮ್ಮಲ್ಲಿ ಗಿಳಿ, ಗೂಡು ಆಗಿವೆ. ಆದರೆ ಅವು ದ್ರಾವಿಡ ಪದಗಳು, ಬೇರೆ ಕಡೆಯಿಂದ ಬಂದ ಪದಕ್ಕೂ ಆ ಲೆಕ್ಕ ಹಾಕಬಹುದೇ? ಅಥವಾ ಪದ ಇಲ್ಲಿಂದಲೇ ಆ ಕಡೆಗೆ ಹೋಗಿ, ತಾಮ್ರಪಟ ಬರೆದವರು ಅದಕ್ಕೆ ಸಂಸ್ಕೃತದ ಬಟ್ಟೆ ತೊಡಿಸಿದರೋ?

ಕೇರಳದಲ್ಲಿ ಈ ಬೇಸಾಯಕ್ಕೆ ಎರ್ನಾಕುಲಂ ಕಡೆ ಪೊಕ್ಕಾಳಿ, ಕಣ್ಣೂರಿನಲ್ಲಿ ಕೈಪಾಡ್ ಅನ್ನುತ್ತಾರೆ. ಪೊಕ್ಕಾಳಿ ಭತ್ತದ ಹೆಸರೂ ಹೌದು. ನಮ್ಮವರು ಬೆಳೆಗೆ ಕಗ್ಗ, ನೆಲಕ್ಕೆ ಗಜನಿ ಅಂತ ಬೇರೆ ಬೇರೆ ಇಟ್ಟುಕೊಂಡಿದ್ದಾರೆ. ಊರ ಹೆಸರಿಗೂ ಕಟ್ಟೆ ಅಂಟಿರಬಹುದು ಅನ್ನುವುದು ನನ್ನ ಊಹೆ: ಮಾಣಿಕಟ್ಟಾ, ಆಚೆ ದಡದಲ್ಲಿ ಉಪ್ಪು ತಯಾರಿಸುವ ಸಾಣಿಕಟ್ಟಾ. ಎರಡೂ ಕಡೆ ಸಮುದ್ರದ ನೀರಿಗೆ ಕಟ್ಟೆ ಹಾಕದೆ ಕೆಲಸ ನಡೆಯದು.

ಸರ್ಕಾರದ ಕಾಗದದಲ್ಲಿ ಮಾತ್ರ ಇದು ಖಾರ್‌ಲ್ಯಾಂಡ್. ಕಲ್ಲಿನ ಕಾಯಂ ಕಟ್ಟೆಗಳಿಗೆ ಈಗ ಊರಿನವರೂ 'ಖಾರ್‌ಲ್ಯಾಂಡ್ ಕಟ್ಟೆ' ಅನ್ನುತ್ತಾರೆ. ಆ ಪದ ಉಪ್ಪನ್ನು ಮಾತ್ರ ನೋಡುತ್ತದೆ, ಗಜನಿ ಅಂದಾಗ ಕಟ್ಟೆ, ಬಾಗಿಲು, ಬೀಜ, ಮೀನು ಎಲ್ಲ ಒಟ್ಟಿಗೆ ಬರುತ್ತವೆ. ಎಷ್ಟೋ ಗಜನಿಗಳು ಸಿಗಡಿ ಕೃಷಿಗೆ ಹೋದವು, ಸಿಗಡಿಗೆ ರೋಗ ಬಂದ ಮೇಲೆ ಕೆಲವು ಹಾಗೇ ಬಿದ್ದಿವೆ. ಈಗ ಅಲ್ಲಿ ಕಾಂಡ್ಲ, ಅಂದರೆ ಮ್ಯಾಂಗ್ರೋವ್ ಗಿಡ, ಬೆಳೆದಿದೆ. ಆದರೂ ಊರಿನವರು ಅದನ್ನು ಗಜನಿ ಅಂತಲೇ ಕರೆಯುತ್ತಾರೆ.

ಟಿಪ್ಪಣಿಯಲ್ಲಿ ಚೌಳು ಹೊಡೆದುಹಾಕಿ ಗಜನಿ ಅಂತಲೇ ಬರೆದು ಕಳಿಸಿದ್ದೇನೆ. ಈಗ ನನಗೆ ಬೇಕಾದ್ದು ಇಷ್ಟು. ಅಂಕೋಲಾ, ಕಾರವಾರ, ಹೊನ್ನಾವರದವರು ಇದ್ದರೆ ನಿಮ್ಮಲ್ಲಿ ಇಂಥ ಗದ್ದೆಗೆ ಏನಂತಾರೆ ಹೇಳಿ. ಕುಂದಾಪುರದಿಂದ ಕೆಳಗೆ ಗದ್ದೆಯ ತಗ್ಗು, ಎತ್ತರ ನೋಡಿ ಬೈಲು, ಮಜಲು, ಬೆಟ್ಟು ಅನ್ನುವುದು ಗೊತ್ತು, ಆದರೆ ಹಿನ್ನೀರಿನ ಗದ್ದೆಗೆಂದೇ ಪದವಿದೆಯೇ? ಹಳೇ ಶಾಸನ ಓದುವವರು ಕನ್ನಡದಲ್ಲಿ ಗಜನಿ ಅಥವಾ ಕಜನಿ ಕಂಡಿದ್ದರೆ ತಿಳಿಸಿ. ಜಂತ್ರಡಿಯ 'ಜಂತ್ರ' ಯಂತ್ರದ ತದ್ಭವ ಅಂತ ಇಟ್ಟುಕೊಂಡರೂ ಆ 'ಡಿ' ಎಲ್ಲಿಂದ ಬಂತು ಅನ್ನುವುದನ್ನೂ ಯಾರಾದರೂ ಬಿಡಿಸಿ.