ದ್ವೀಪವನ್ನು ಪೋರ್ಟ್ ಬದಿಗೆ ಬಿಡಿ ಎಂದರೆ ಯಾವ ಕಡೆಯಿಂದ ಹೋಗಬೇಕು?

ಪ್ರಶ್ನೆ: ಮಾನ್ಯರೇ, ನಾನು ಎರಡು ವರ್ಷಗಳಿಂದ ಆನ್‌ಲೈನ್ ಹಾಯಿದೋಣಿ ಸ್ಪರ್ಧೆಗಳಲ್ಲಿ ಪಾಲ್ಗೊಳ್ಳುತ್ತಿದ್ದೇನೆ. ಕಳೆದ ವಾರ ಮುಗಿದ ಸ್ಪರ್ಧೆಯೊಂದರಲ್ಲಿ ಆರು ದಿನ ನಿದ್ದೆಗೆಟ್ಟು ದೋಣಿ ನಡೆಸಿ, ಮೊದಲ ಇಪ್ಪತ್ತು ಮಂದಿಯೊಳಗೆ ಅಂತಿಮ ರೇಖೆಯನ್ನು ಮುಟ್ಟಿದೆ. ಆದರೆ ಫಲಿತಾಂಶದ ಪಟ್ಟಿಯಲ್ಲಿ ನನ್ನ ದೋಣಿ ಪಥವನ್ನು ಪೂರ್ಣಗೊಳಿಸಿಲ್ಲ ಎಂದು ದಾಖಲಾಗಿತ್ತು. ಉತ್ತರಕ್ಕೆ ಸಾಗುವ ಹಂತದಲ್ಲಿ ಒಂದು ದ್ವೀಪವನ್ನು ಪೋರ್ಟ್ ಬದಿಗೆ ಬಿಡಬೇಕೆಂದು ಸೂಚನೆಯಲ್ಲಿತ್ತು. ಪೋರ್ಟ್ ಎಂದರೆ ಎಡಬದಿ ಎಂದು ತಿಳಿದು ನಾನು ದ್ವೀಪದ ಎಡಭಾಗದಿಂದ, ಅಂದರೆ ಪಶ್ಚಿಮದಿಂದ ಹಾದುಹೋದೆ. ನಕ್ಷೆಯ ಗೆರೆ ದ್ವೀಪದ ಮೇಲೆಯೇ ಹಾದುಹೋಗಿದ್ದರಿಂದ ಅದರಿಂದಲೂ ಏನೂ ತಿಳಿಯಲಿಲ್ಲ. ನನ್ನ ಓದಿನಲ್ಲಿ ತಪ್ಪೇನಿದೆ?

ಉತ್ತರ: ಸ್ಪರ್ಧೆಗಳಿಗೆ ಪಥಸೂಚನೆ ಬರೆಯುವ ಮತ್ತು ದೂರುಗಳನ್ನು ಆಲಿಸುವ ಕೆಲಸ ನನ್ನದು, ನನ್ನ ಮುಂದೆ ಬರುವ ದೂರುಗಳಲ್ಲಿ ಅತಿ ಹೆಚ್ಚು ಬಾರಿ ಕಂಡಿರುವುದು ಇದೇ. ಪೋರ್ಟ್ ಎಂದರೆ ಎಡಬದಿ ಎಂಬುದು ಸರಿ, ಆದರೆ ಅದು ದ್ವೀಪದ ಎಡಬದಿಯಲ್ಲ, ದೋಣಿಯಲ್ಲಿ ಮುಂದಕ್ಕೆ ಮುಖ ಮಾಡಿ ನಿಂತವರ ಎಡಬದಿ. ದ್ವೀಪವನ್ನು ಪೋರ್ಟ್ ಬದಿಗೆ ಬಿಡಿ ಎಂದಾಗ, ನೀವು ಹಾದುಹೋಗುವಷ್ಟು ಹೊತ್ತೂ ದ್ವೀಪವು ನಿಮ್ಮ ಎಡಗೈ ಕಡೆಗೆ ಇರಬೇಕು. ಆದ್ದರಿಂದ ಉತ್ತರಕ್ಕೆ ಸಾಗುತ್ತಿದ್ದ ನೀವು ದ್ವೀಪದ ಪೂರ್ವದಿಂದ ಹೋಗಬೇಕಿತ್ತು. ಅದೇ ದ್ವೀಪವನ್ನು ಸುತ್ತಿ ಹಿಂದಿರುಗುವ ಪಥವಾಗಿದ್ದರೆ, ಗಡಿಯಾರದ ಮುಳ್ಳು ಚಲಿಸುವ ದಿಕ್ಕಿಗೆ ವಿರುದ್ಧವಾಗಿ ಸುತ್ತಬೇಕಾಗುತ್ತಿತ್ತು.

ಇನ್ನೊಂದು ಉದಾಹರಣೆಯಿಂದ ಇದು ಮನಸ್ಸಿನಲ್ಲಿ ನಿಲ್ಲಬಹುದು. ಏಕಾಂಗಿಯಾಗಿ ಭೂಮಿಯನ್ನು ಸುತ್ತುವ ವಾಂದೆ ಗ್ಲೋಬ್ ಸ್ಪರ್ಧೆಯಲ್ಲಿ, ಮತ್ತು ಅದರೊಂದಿಗೆ ನಡೆಯುವ ಆನ್‌ಲೈನ್ ಸ್ಪರ್ಧೆಯಲ್ಲಿ, ದೋಣಿಗಳು ದಕ್ಷಿಣ ಸಾಗರದಲ್ಲಿ ಪೂರ್ವಕ್ಕೆ ಸಾಗುತ್ತವೆ. ಆಫ್ರಿಕಾದ ಗುಡ್ ಹೋಪ್, ಆಸ್ಟ್ರೇಲಿಯಾದ ಲ್ಯೂವಿನ್ ಮತ್ತು ದಕ್ಷಿಣ ಅಮೆರಿಕದ ಹಾರ್ನ್ ಭೂಶಿರಗಳು ಮೂರೂ ಅವುಗಳ ಪೋರ್ಟ್ ಬದಿಗೆ ಉಳಿಯುತ್ತವೆ, ಅಂಟಾರ್ಕ್ಟಿಕಾ ಸ್ಟಾರ್‌ಬೋರ್ಡ್ ಬದಿಗೆ, ಅಂದರೆ ಬಲಬದಿಗೆ, ಉಳಿಯುತ್ತದೆ. ದೋಣಿಗಳು ಹಾರ್ನ್ ಭೂಶಿರದ ದಕ್ಷಿಣದಿಂದ ಹೋಗುತ್ತವೆ. ಹೀಗಿರುವಾಗ ಭೂಶಿರಕ್ಕೆ ಎಡ ಯಾವುದು, ಬಲ ಯಾವುದು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ.

ಪದಗಳ ಗೊಂದಲ ಹೊಸದೇನೂ ಅಲ್ಲ. ಇಂಗ್ಲಿಷ್ ನಾವಿಕರು ಹಿಂದೆ ಎಡಬದಿಯನ್ನು ಲಾರ್‌ಬೋರ್ಡ್ ಎನ್ನುತ್ತಿದ್ದರು. ಗಾಳಿಯ ಸದ್ದಿನ ನಡುವೆ ಅದು ಸ್ಟಾರ್‌ಬೋರ್ಡ್‌ನಂತೆಯೇ ಕೇಳಿಸುತ್ತಿದ್ದುದರಿಂದ ಬ್ರಿಟಿಷ್ ನೌಕಾಪಡೆ 1844ರಲ್ಲಿ ಆ ಪದವನ್ನು ಕೈಬಿಟ್ಟು ಪೋರ್ಟ್ ಎಂಬುದನ್ನು ಕಡ್ಡಾಯಗೊಳಿಸಿತು. ಪೋರ್ಟ್ ಎಂದರೆ ಬಂದರು ಎಂದೂ ಅರ್ಥವಿರುವುದರಿಂದ, ಸೂಚನೆ ಓದಿ ಬಂದರನ್ನು ಹುಡುಕಿದ ಹೊಸಬರನ್ನೂ ನಾನು ಕಂಡಿದ್ದೇನೆ. ಅದು ಅವರ ದಡ್ಡತನವಲ್ಲ, ನಮ್ಮ ಬರವಣಿಗೆಯ ಕೊರತೆ. ಹಾಗಾಗಿ ನಾನು ಬರೆಯುವ ಸೂಚನೆಗಳಲ್ಲಿ ಪೋರ್ಟ್ ಎಂಬುದರ ಜೊತೆಗೆ "ದ್ವೀಪದ ಪೂರ್ವದಿಂದ ಹಾದು" ಎಂಬ ಮಾತನ್ನೂ ಸೇರಿಸುತ್ತೇನೆ.

ನಕ್ಷೆಯ ಗೆರೆಯ ವಿಷಯ ಬೇರೆ. ಅದು ಗುರುತುಗಳ, ಅಂದರೆ ದೋಣಿಗಳು ಹಾದುಹೋಗಬೇಕಾದ ದ್ವೀಪ ಮುಂತಾದವುಗಳ, ಅನುಕ್ರಮವನ್ನು ಮಾತ್ರ ತೋರಿಸುತ್ತದೆ. ಗಾಳಿ ಬೀಸಿ ಬರುವ ದಿಕ್ಕಿಗೇ ನೇರವಾಗಿ ಯಾವ ಹಾಯಿದೋಣಿಯೂ ಸಾಗಲಾರದಾದ್ದರಿಂದ, ಆ ಗೆರೆಯ ಮೇಲೆಯೇ ಹೋಗಿ ಎಂದು ಯಾರೂ ನಿರೀಕ್ಷಿಸುವುದಿಲ್ಲ. ಗೆರೆಗೂ ಬರಹಕ್ಕೂ ಹೊಂದದಿದ್ದಾಗ ಯಾವುದನ್ನು ಪಾಲಿಸಬೇಕೆಂದು ಪ್ರಕಟಣೆಯಲ್ಲಿ ಹೇಳಿರದಿದ್ದರೆ, ಹೊರಡುವ ಮುನ್ನವೇ ಸಮಿತಿಯನ್ನು ಕೇಳಬೇಕು.

ಮತ್ತೊಬ್ಬ ಸದಸ್ಯರ ಪ್ರಶ್ನೆ: ತಪ್ಪು ಬದಿಯಿಂದ ಹಾದುಹೋದದ್ದು ದಾರಿಯಲ್ಲೇ ಗಮನಕ್ಕೆ ಬಂದರೆ ಸರಿಪಡಿಸಿಕೊಳ್ಳಲು ಅವಕಾಶವಿದೆಯೇ?

ಉತ್ತರ: ಅಂತಿಮ ರೇಖೆಯನ್ನು ದಾಟಿ ಸ್ಪರ್ಧೆ ಮುಗಿಸುವ ತನಕ ಇದೆ. ಸಮುದ್ರದ ಮೇಲಿನ ಸ್ಪರ್ಧೆಗಳ ಅಂತರರಾಷ್ಟ್ರೀಯ ನಿಯಮದಲ್ಲಿ ಇದಕ್ಕೊಂದು ಸುಂದರವಾದ ದಾರದ ಪರೀಕ್ಷೆಯಿದೆ. ನಿಮ್ಮ ದೋಣಿ ಸಾಗಿದ ಜಾಡನ್ನು ಒಂದು ದಾರವೆಂದು ಭಾವಿಸಿ, ಅದರ ಎರಡೂ ತುದಿಗಳನ್ನು ಬಿಗಿಯಾಗಿ ಎಳೆದಾಗ ದಾರವು ಪ್ರತಿಯೊಂದು ಗುರುತನ್ನೂ ಸೂಚಿತ ಬದಿಯಲ್ಲಿ, ಸರಿಯಾದ ಅನುಕ್ರಮದಲ್ಲಿ ಹಾದುಹೋಗಬೇಕು, ಸುತ್ತಬೇಕಾದ ಗುರುತುಗಳನ್ನು ಮುಟ್ಟಬೇಕು. ಪೋರ್ಟ್ ಬದಿಗೆ ಬಿಡಬೇಕಾದ ಗುರುತನ್ನು ಸ್ಟಾರ್‌ಬೋರ್ಡ್ ಬದಿಗೆ ಬಿಟ್ಟಿದ್ದರೆ, ಮುಂದಿನ ಗುರುತಿಗೆ ಹೋಗುವ ಮೊದಲು ಹಿಂದಿರುಗಿ, ಆ ಗುರುತನ್ನು ಪೋರ್ಟ್ ಬದಿಯಲ್ಲೇ ಇಟ್ಟುಕೊಂಡು ಒಂದು ಪೂರ್ಣ ಸುತ್ತು ಹಾಕಿದರೆ ದಾರ ಸರಿಯಾದ ಬದಿಗೆ ಬಂದು ಕೂರುತ್ತದೆ. ಕಾಗದದ ಮೇಲೆ ಬರೆದು ನೋಡಿದರೆ ನಂಬಿಕೆ ಬರುತ್ತದೆ. ಆದರೆ ಹಲವು ಆನ್‌ಲೈನ್ ಸ್ಪರ್ಧೆಗಳ ತಂತ್ರಾಂಶವು ದಾರವನ್ನು ಲೆಕ್ಕಿಸದೆ, ಕಾಣದ ಗೆರೆಗಳನ್ನು ಯಾವ ದಿಕ್ಕಿನಲ್ಲಿ ದಾಟಿದಿರಿ ಎಂಬುದನ್ನು ಮಾತ್ರ ನೋಡುತ್ತದೆ. ಆದ್ದರಿಂದ ಪರೀಕ್ಷೆ ಯಾವುದೆಂದು ಮೊದಲೇ ತಿಳಿದುಕೊಳ್ಳಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನಾನು ಬದಿಯನ್ನು ಸರಿಯಾಗಿ ಓದಿದರೂ ಗುರುತೇ ಇರಬೇಕಾದ ಸ್ಥಳದಲ್ಲಿರಲಿಲ್ಲ. ಅಕ್ಷಾಂಶ 45.30 ಎಂದು ಕೊಟ್ಟಿದ್ದರು.

ಉತ್ತರ: ನೀವು ಅದನ್ನು 45 ಡಿಗ್ರಿ 30 ನಿಮಿಷ ಎಂದು ಓದಿರಬೇಕು. ದಶಮಾಂಶ ಡಿಗ್ರಿಯಲ್ಲಿ 45.30 ಎಂದರೆ 45 ಡಿಗ್ರಿ 18 ನಿಮಿಷ. ಅಕ್ಷಾಂಶದ ಒಂದು ನಿಮಿಷ ಒಂದು ನಾಟಿಕಲ್ ಮೈಲಿಗೆ, ಅಂದರೆ ಸುಮಾರು 1,852 ಮೀಟರಿಗೆ ಸಮ. ಹನ್ನೆರಡು ನಿಮಿಷಗಳ ಈ ವ್ಯತ್ಯಾಸ ನಿಮ್ಮನ್ನು 22 ಕಿಲೋಮೀಟರಿಗೂ ದೂರ ಒಯ್ದಿದೆ. ಯಾವ ಪದ್ಧತಿಯೆಂದು ಹೇಳದೆ ಅಂಕಿಗಳನ್ನು ಮಾತ್ರ ಕೊಡುವ ಸೂಚನೆಯನ್ನು ನಾನು ಅಪೂರ್ಣವೆಂದೇ ಪರಿಗಣಿಸುತ್ತೇನೆ. ಸಮಯದ ವಿಷಯವೂ ಹೀಗೆಯೇ: ಸ್ಪರ್ಧೆಯ ಸಮಯ ಸಾಮಾನ್ಯವಾಗಿ ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣಿತ ಸಮಯದಲ್ಲಿ ಇರುತ್ತದೆ, ನಿಮ್ಮ ಗೋಡೆಗಡಿಯಾರದಲ್ಲಲ್ಲ.

ಮೊದಲ ಪ್ರಶ್ನೆ ಕೇಳಿದವರು: ವಿವರಣೆಗೆ ಕೃತಜ್ಞತೆಗಳು. ಹಾಗಾದರೆ ದೂರು ನೀಡಿದರೆ ನನ್ನ ಸ್ಥಾನ ಮರಳಿ ಸಿಗುವುದೇ?

ಉತ್ತರ: ಆರು ದಿನಗಳ ಶ್ರಮ ಹೀಗಾದುದಕ್ಕೆ ನನಗೂ ನೋವಿದೆ, ಆದರೆ ಸಿಗುವ ಸಾಧ್ಯತೆ ಕಡಿಮೆ. ಸಮಿತಿಯ ತಪ್ಪಿನಿಂದ ಸ್ಪರ್ಧಿಯ ಸ್ಥಾನ ಗಣನೀಯವಾಗಿ ಕುಸಿದಿರಬೇಕು, ಅದರಲ್ಲಿ ಸ್ಪರ್ಧಿಯ ತಪ್ಪು ಸೇರಿರಬಾರದು. ಇಂತಹ ದೂರಿನಲ್ಲಿ ಆಗ ಮಾತ್ರ ಪರಿಹಾರ ದೊರೆಯುತ್ತದೆ. ಪೋರ್ಟ್ ಬದಿಗೆ ಬಿಡುವುದು ನಾವಿಕರ ಬಳಕೆಯಲ್ಲಿ ಒಂದೇ ಅರ್ಥವುಳ್ಳ ಮಾತಾದ್ದರಿಂದ ಅದನ್ನು ಅಸ್ಪಷ್ಟವೆಂದು ವಾದಿಸುವುದು ಕಷ್ಟ. ಅಕ್ಷಾಂಶದ ಬಗ್ಗೆ ಕೇಳಿದ ಸದಸ್ಯರ ಸ್ಥಿತಿ ಭಿನ್ನವಾಗಿದೆ. ಅವರು ಸೂಚನೆಯ ಪ್ರತಿಯನ್ನೂ ತಮ್ಮ ದೋಣಿಯ ಜಾಡನ್ನೂ ಲಗತ್ತಿಸಿ, ನಿಗದಿತ ಗಡುವಿನೊಳಗೆ ಸಮಿತಿಗೆ ಬರೆಯುವುದು ಖಂಡಿತ ಸೂಕ್ತ.