ಸಮುದ್ರ ಕಾಣದ ಊರಿನಲ್ಲಿ ಕುಳಿತು ಕಡಲ್ಗಳ್ಳರ ಕಥೆ ಬರೆಯುವುದು ಹೇಗೆ?

ಪ್ರಶ್ನೆ (ಕಲಬುರಗಿಯಿಂದ)

ಎಲ್ಲರಿಗೂ ಶರಣು. ಹೈಸ್ಕೂಲು ಮಕ್ಕಳಿಗಾಗಿ ಒಂದು ಸಾಹಸ ಕಾದಂಬರಿ ಬರೆಯುತ್ತಿದ್ದೇನೆ. ಕಥಾನಾಯಕಿಯು ಬೀದರಿನ ನೌಬಾದದಲ್ಲಿರುವ ಕರೇಜ್‌ಗೆ, ಅಂದರೆ ಸುರಂಗ ಬಾವಿ ಎಂದು ಕರೆಯುವ ನೆಲದಡಿಯ ನೀರಿನ ಕಾಲುವೆಗೆ ಇಳಿದು, ಮೊದಲು ಒಂದು ಮಾಯಾಲೋಕವನ್ನೂ ಅಲ್ಲಿಂದ ಕಡಲ್ಗಳ್ಳರ ಹಡಗನ್ನೂ ಕೊನೆಗೆ ಮಂಗಳ ಗ್ರಹಕ್ಕೆ ಹೊರಟ ನೌಕೆಯನ್ನೂ ಸೇರುತ್ತಾಳೆ. ಮಾಯಾಲೋಕದ ಭಾಗ ಸರಾಗವಾಗಿ ಬಂದಿದೆ. ಹಡಗಿನ ಭಾಗವನ್ನು ಓದಿದ ಗೆಳೆಯರು ಮಾತ್ರ ಇದು ಟಿ.ವಿ.ಯಲ್ಲಿ ನೋಡಿದ ಕಡಲು ಎಂದುಬಿಟ್ಟರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಭುಜದ ಮೇಲೆ ಗಿಳಿ ಕೂರಿಸಿಕೊಂಡ ನಾಯಕನನ್ನು ನಾನೇ ತಂದು ನಿಲ್ಲಿಸಿರುವುದರಿಂದ ಅವರ ಮಾತನ್ನು ಅಲ್ಲಗಳೆಯಲಾರೆ. ಅಲ್ಲದೆ ಮೂರು ಲೋಕಗಳು ಮೂರು ಬೇರೆ ಪುಸ್ತಕಗಳಂತೆ ತೋರುತ್ತಿವೆ. ಬಲ್ಲವರು ದಾರಿ ತೋರಿಸಬೇಕು.

ಉತ್ತರ (ಬೀದರಿನಿಂದ)

ಮೊದಲು ಆ ಗಿಳಿಯನ್ನು ಹಾರಿಬಿಡಿ. ಬೀದರಿಗೂ ಕಡಲಿಗೂ ಸಂಬಂಧವಿಲ್ಲವೆಂದು ಭಾವಿಸಿದ್ದರಿಂದಲೇ ನೀವು ದೂರದ ಕಡಲನ್ನು ಎರವಲು ತಂದಿರಿ. ನಮ್ಮೂರಿನ ಮದರಸವನ್ನು ಕಟ್ಟಿಸಿದ ಮಹಮೂದ್ ಗವಾನ್ ಪರ್ಷಿಯಾದ ಗೀಲಾನಿನಿಂದ ಸಮುದ್ರದ ಮೇಲೆ ದಾಭೋಳಕ್ಕೆ ಬಂದಿಳಿದ ವ್ಯಾಪಾರಿ. ಮುಂದೆ ಬಹಮನಿ ರಾಜ್ಯದ ಮಂತ್ರಿಯಾದ ಮೇಲೆ, ಕೊಂಕಣದ ಖೇಳಣಾ ಮತ್ತು ಸಂಗಮೇಶ್ವರದ ನಾಯಕರು ಹಡಗುಗಳನ್ನು ಸುಲಿಯುತ್ತಿದ್ದಾರೆಂದು 1469ರಲ್ಲಿ ದಂಡೆತ್ತಿ ಹೋಗಿ, 1472ರಲ್ಲಿ ಗೋವೆಯನ್ನೂ ಹಿಡಿದನು. ಸುಮಾರು ಅದೇ ಕಾಲದಲ್ಲಿ ರಷ್ಯಾದ ಅಫನಾಸಿ ನಿಕಿತಿನ್, ಒಂದು ಗಂಡು ಕುದುರೆಯನ್ನು ಹಡಗಿನಲ್ಲಿ ಚೌಲ್ ಬಂದರಿಗೆ ತಂದು, ನಡುದಾರಿಯ ಜುನ್ನರದಲ್ಲಿ ಅಲ್ಲಿನ ಖಾನನು ಅದನ್ನು ಕಿತ್ತುಕೊಂಡಾಗ ಹೇಗೋ ಬಿಡಿಸಿಕೊಂಡು, ಬೀದರಿನವರೆಗೂ ಬಂದಿದ್ದನು. ಒಂದು ಕುದುರೆಗಾಗಿ ಪಟ್ಟ ಇಷ್ಟು ಪಾಡಿನಲ್ಲೇ ನಿಮ್ಮ ಎರಡನೆಯ ಭಾಗವಿದೆ. ಇನ್ನೊಂದು ಮಾತು: ಗವಾನನ ಕಣ್ಣಿಗೆ ಕಳ್ಳನಾದವನು ತನ್ನ ಊರಿನವರಿಗೆ ಅರಸನೇ ಆಗಿದ್ದನೆಂಬುದನ್ನು ಮರೆಯದಿದ್ದರೆ ಖಳನಾಯಕನಿಗೂ ಜೀವ ಬರುತ್ತದೆ.

ಉತ್ತರ (ಯಾದಗಿರಿಯಿಂದ)

ಮೂರು ಲೋಕಗಳನ್ನು ಬೆಸೆಯುವ ಪ್ರಶ್ನೆಗೆ ನಾನು ವಿಜ್ಞಾನದ ಮೇಷ್ಟ್ರಾಗಿ ಉತ್ತರಿಸುತ್ತೇನೆ. ನಾಯಕಿಗೆ ಏನು ಸಾಧ್ಯವಿಲ್ಲ ಎಂಬುದನ್ನು ಪ್ರತಿಯೊಂದು ಲೋಕದಲ್ಲೂ ಮೊದಲು ತೀರ್ಮಾನಿಸಿಕೊಳ್ಳಿ. ಹಾಯಿಹಡಗಿನ ಕಾಲದಲ್ಲಿ ಜೂನ್‌ನಿಂದ ಆಗಸ್ಟ್‌ವರೆಗಿನ ಮುಂಗಾರಿನ ಅಬ್ಬರಕ್ಕೆ ಪಶ್ಚಿಮ ಕರಾವಳಿಯ ಬಂದರುಗಳೇ ಮುಚ್ಚಿಕೊಳ್ಳುತ್ತಿದ್ದವು. ಎಂಥ ಕಡಲ್ಗಳ್ಳನೂ ಗಾಳಿಯನ್ನು ಕಾಯಲೇಬೇಕಿತ್ತು. ಮಂಗಳದ ಬಳಿಯಿಂದ ಹೊರಟ ರೇಡಿಯೊ ಸಂದೇಶ ಭೂಮಿಯನ್ನು ಮುಟ್ಟಲು, ಆ ಹೊತ್ತಿನ ದೂರವನ್ನು ಅನುಸರಿಸಿ, ಸುಮಾರು 3ರಿಂದ 22 ನಿಮಿಷ ಬೇಕು. ಅಂದಮೇಲೆ "ಕಾಪಾಡಿ" ಎಂದು ಕೂಗಿದವಳಿಗೆ ಉತ್ತರ ಸಿಗುವಷ್ಟರಲ್ಲಿ ಮುಕ್ಕಾಲು ಗಂಟೆಯೇ ಕಳೆದಿರಬಹುದು, ಆ ಮುಕ್ಕಾಲು ಗಂಟೆಯೇ ನಿಮ್ಮ ಅಧ್ಯಾಯ. ಕರೇಜ್‌ನಲ್ಲಿ ಗಾಳಿಬೆಳಕು ಬರುವುದು ಮೇಲಿನಿಂದ ಇಳಿದಿರುವ ಬಾವಿಗಳಿಂದ ಮಾತ್ರ. ಒಂದು ಬಾವಿಯಿಂದ ಇನ್ನೊಂದಕ್ಕೆ ಕತ್ತಲಲ್ಲೇ ನಡೆಯಬೇಕು. ಮಾಯಾಲೋಕದ ಭಾಗ ಸರಾಗವಾಗಿ ಬಂತು ಎಂದಿರಿ, ನನಗೆ ಅನುಮಾನವಿರುವುದು ಅಲ್ಲಿಯೇ. ಮಂತ್ರ ಹೇಳಿದ ಕೂಡಲೇ ಬಾಗಿಲು ತೆರೆಯುವುದಾದರೆ ಅವಳು ಹೆದರುವುದೇಕೆ?

ಉತ್ತರ (ಕಲಬುರಗಿಯಿಂದ, ಇನ್ನೊಬ್ಬರು)

ಮೇಷ್ಟ್ರ ಮಾತು ಸರಿ, ಆದರೆ ಲೆಕ್ಕವನ್ನು ಪಾತ್ರಗಳ ಬಾಯಲ್ಲಿ ಪಾಠವಾಗಿ ಹೇಳಿಸಬೇಡಿ. ಚುಕ್ಕಾಣಿ, ಲಂಗರು, ತಾಂಡೇಲ (ನಾವಿಕರ ಮುಖಂಡ) ಎಂಬ ಕರಾವಳಿಯ ಪದಗಳು ಬಯಲುಸೀಮೆಯ ಹುಡುಗಿಗೆ ತಿಳಿದಿರಲಾರವು. ಅವಳು ಲಂಗರನ್ನು ಬರಿ ಕಬ್ಬಿಣದ ಕೊಕ್ಕೆ ಎನ್ನಲಿ, ಬೈಸಿಕೊಳ್ಳಲಿ, ಆಮೇಲೆ ಕಲಿಯಲಿ. ಅವಳೊಂದಿಗೆ ಓದುವ ಮಕ್ಕಳೂ ಕಲಿಯುತ್ತಾರೆ.

ಪ್ರಶ್ನೆ ಕೇಳಿದವರಿಂದ

ಉಪಕಾರವಾಯಿತು. ಗಿಳಿಯೂ ಕಣ್ಣಿನ ಪಟ್ಟಿಯೂ ಹೋದವು. ಹುಡುಗಿ ಈಗ ಹಡಗಿನ ತಳದಲ್ಲಿ ಕುದುರೆಗಳಿಗೆ ನೀರು ಕುಡಿಸುವ ಕೆಲಸದಲ್ಲಿದ್ದಾಳೆ. ಮಳೆಗಾಲ ಹಿಡಿದಿರುವುದರಿಂದ ಹಡಗು ದಾಭೋಳದಿಂದ ಹೊರಡುವಂತಿಲ್ಲ. ಅಷ್ಟರೊಳಗೆ ನಾನು ಮಾಯಾಲೋಕದ ಭಾಗವನ್ನು ಮತ್ತೆ ಬರೆಯುತ್ತೇನೆ.